ಹಾರ್ನು ನಡೆಸಿದ ವಿಚಾರಣೆ

ಹಳೆಯ ಕೆಂಪು ಸ್ಪೋರ್ಟ್ಸ್ ಕಾರೊಂದು ಮೂರನೆಯ ಯಜಮಾನನ ಕೈಸೇರಿದ ವಾರವೇ ಎಲ್ಲಿಂದಲೋ ಕಿರ್ರೆನ್ನತೊಡಗಿತು. ಕಾರಿಗೆಲ್ಲ ತಾನೇ ಹಿರಿಯನೆಂದು ಮೆರೆಯುತ್ತಿದ್ದ ಹಾರ್ನಿಗೆ ಮೈಯೆಲ್ಲ ಉರಿಯಿತು. ಕೂಗುವ ಹಕ್ಕು ತನ್ನೊಬ್ಬನದೆಂದು ಅದರ ನಂಬಿಕೆ.

“ಯಾರಯ್ಯಾ ಅದು?” ಎಂದು ವಿಚಾರಣೆಗೆ ಕೂತಿತು.

“ನನ್ನದು ಬರೀ ಗೊರಕೆ, ಸ್ವಾಮಿ,” ಎಂದಿತು ಸೈಲೆನ್ಸರ್. “ನಾನು ನರಳೋದು ನನ್ನನ್ನು ತೆಗೆದಾಗ ಮಾತ್ರ,” ಎಂದಿತು ಬಾಗಿಲು. ಕೊನೆಗೆ ಬ್ರೇಕಿನೊಳಗಿನ ಪುಟ್ಟ ತಗಡು ಒಪ್ಪಿಕೊಂಡಿತು: “ನಾನೇ, ಸ್ವಾಮಿ. ಬ್ರೇಕು ಸವೆದಾಗ ಕೂಗಿ ಎಚ್ಚರಿಸಲೆಂದೇ ನನ್ನನ್ನು ಇಟ್ಟಿದ್ದಾರೆ. ಈಗ ಪೂರಾ ಸವೆದಿದೆ.”

“ಹಳೇ ಗಾಡಿ ಅಂದಮೇಲೆ ಸದ್ದು ಇದ್ದದ್ದೇ. ಬಾಯಿ ಮುಚ್ಚು!” ಎಂದು ಗದರಿದ ಹಾರ್ನು, ಗಟ್ಟಿಯಾಗಿ ಹಾಡುವಂತೆ ರೇಡಿಯೋಗೆ ಅಪ್ಪಣೆ ಕೊಟ್ಟಿತು.

ಯಜಮಾನನೋ, ಸದ್ದಿಗೆ ಜನರ ದೃಷ್ಟಿಯೇ ಕಾರಣವೆಂದು ತೀರ್ಮಾನಿಸಿದ್ದ. ಆಯುಧಪೂಜೆಯ ದಿನ ಚಕ್ರದಡಿ ನಿಂಬೆಹಣ್ಣು ಇಟ್ಟು ಅಪ್ಪಚ್ಚಿ ಮಾಡಿಸಿ, ಕಾರಿಗೆ ಸೇವಂತಿಗೆ ಹಾರ ಹಾಕಿ, ನಿಶ್ಚಿಂತೆಯಿಂದ ಗುಡ್ಡ ಇಳಿಯಲು ಹೊರಟ.

ಇಳಿಜಾರಿನಲ್ಲಿ ಬ್ರೇಕು ಹಿಡಿಯಲೇ ಇಲ್ಲ. ಕೆಳಗೆ ಎಮ್ಮೆಯೊಂದು ಕರುವಿನೊಡನೆ ರಸ್ತೆಗೆ ಅಡ್ಡ ನಿಂತು ಮೆಲುಕು ಹಾಕುತ್ತಿತ್ತು.

“ದಾರಿ ಬಿಡಮ್ಮಾ! ಬ್ರೇಕಿಲ್ಲ! ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೀನಿ!” ಎಂದು ಹಾರ್ನು ಗಂಟಲು ಹರಿಯುವಂತೆ ಅರಚಿತು.

ಎಮ್ಮೆ ಕಿವಿಯನ್ನೂ ಅಲ್ಲಾಡಿಸಲಿಲ್ಲ. ಯಜಮಾನ ಪಕ್ಕಕ್ಕೆ ತಿರುಗಿಸಿದ. ಕಾರು ಗದ್ದೆಗೆ ನುಗ್ಗಿ, ಕೆಸರಿನಲ್ಲಿ ಮೂತಿ ಹೂತು ನಿಂತಿತು. ಕೆಸರು ತುಂಬಿದ ಹಾರ್ನು ಇನ್ನೂ ಗೊರಗೊರ ಅನ್ನುತ್ತಲೇ ಇತ್ತು.

ಕರು ಬೆಚ್ಚಿ, “ಅಮ್ಮಾ, ಅದೇನೋ ಹೇಳ್ತಿದೆಯಲ್ಲಾ?” ಎಂದಿತು.

“ಸುಮ್ಮನಿರು ಮಗಾ,” ಎಂದಿತು ಎಮ್ಮೆ. “ಹಳೇ ಗಾಡಿ ಅಂದಮೇಲೆ ಸದ್ದು ಇದ್ದದ್ದೇ.”