ಲಾಲಿ ಹಾಡು ಮತ್ತು ಕುಕ್ಕರಿನ ಕೂಗು

ಮಗಳ ತೊಟ್ಟಿಲ ಶಾಸ್ತ್ರಕ್ಕೆ ಬರಲಾಗದ ತಂಗಿಗೆ ಕಳಿಸಲು ವಾರಿಜಾ ಕಂಪ್ಯೂಟರಿನಲ್ಲಿ ಅದರ ವಿಡಿಯೋ ಎಡಿಟ್ ಮಾಡುತ್ತಿದ್ದಳು. ಅಜ್ಜಿ ಹಾಡಿದ ಲಾಲಿ ಮಾತ್ರ ಕೇಳಿಸುತ್ತಲೇ ಇರಲಿಲ್ಲ.

“ವಾಲ್ಯೂಮಣ್ಣ, ನನ್ನನ್ನು ಸ್ವಲ್ಪ ಮೇಲೆತ್ತು,” ಎಂದಿತು ಲಾಲಿ.

“ಎತ್ತಿದರೆ ಎಲ್ಲರನ್ನೂ ಒಟ್ಟಿಗೇ ಎತ್ತಬೇಕು, ತಾಯಿ. ನಿನ್ನ ಜೊತೆಗೇ ರೆಕಾರ್ಡ್ ಆದ ಈ ಕುಕ್ಕರಿನ ಕೂಗು ಆಗಲೇ ಸೂರು ಮುಟ್ಟಿದೆ. ಇನ್ನೂ ಎತ್ತಿದರೆ ಒಡೆದು ಕರ್ಕಶವಾಗುತ್ತದೆ,” ಎಂದಿತು ವಾಲ್ಯೂಮ್.

ಕೂಗಿಗೆ ನಾಚಿಕೆಯಾಯಿತು. “ಅಡುಗೆ ಬೆಂದ ಖುಷಿಗೆ ಕೂಗಿಬಿಟ್ಟೆ. ಪಕ್ಕದಲ್ಲೇ ಹಾಡು ನಡೆಯುತ್ತಿದ್ದುದು ಗೊತ್ತೇ ಆಗಲಿಲ್ಲ. ಮೊದಲು ನನ್ನನ್ನು ತಗ್ಗಿಸಿ.”

ವಾರಿಜಾ ಆ ಕೂಗೊಂದನ್ನೇ ಆರಿಸಿ ತಗ್ಗಿಸಿದಳು, ಆಮೇಲೆ ಎಲ್ಲವನ್ನೂ ಏರಿಸಿದಳು. ಅಜ್ಜಿಯ ದನಿ ಕೋಣೆ ತುಂಬಿತು. ತೊಡೆಯ ಮೇಲಿದ್ದ ಮಗು ಕಣ್ಣರಳಿಸಿ ಆಲಿಸಿತು.

“ಈಗ ನನಗೂ ಕೇಳಿಸುತ್ತಿದೆ,” ಎಂದಿತು ಕೂಗು ಮೆಲ್ಲಗೆ. “ಎಷ್ಟು ಚೆನ್ನಾಗಿದ್ದೀಯಮ್ಮ ನೀನು!”