ಹಳೆಯ ಕಂಪ್ಯೂಟರಿನ ಹಣೆಯ ಚೀಟಿ

ಸರ್ಕಾರಿ ಕಚೇರಿಯ ಸಂಬಳ ವಿಭಾಗದಲ್ಲಿ, ಹಳೆಯ ಕಂಪ್ಯೂಟರಿನ ಹಣೆಗೆ ಅಂಟಿಕೊಂಡಿದ್ದ ಚೀಟಿಗೆ ದಿನವೂ ಒಂದೇ ಕನಸು. ತಾನು ಕಾಗದದ ದೋಣಿಯಾಗಿ ಎಲ್ಲೋ ತೇಲಿ ಹೋಗುತ್ತಿರುವಂತೆ.

ಒಂದು ಮಧ್ಯಾಹ್ನ ಗುಮಾಸ್ತೆ ಕಾತ್ಯಾಯಿನಮ್ಮ ಊಟಕ್ಕೆ ಹೋಗಿದ್ದಾಗ, ಪಕ್ಕದ ಮೇಜಿಗೆ ಹೊಸದಾಗಿ ಬಂದ ಕಂಪ್ಯೂಟರ್ ಕೇಳಿತು: "ಅಜ್ಜಾ, ಮುಂದೆ ಈ ಕೆಲಸ ನನ್ನದು. ಕಾತ್ಯಾಯಿನಮ್ಮನವರಿಗೆ ಇಲ್ಲಿ ಏನೇನು ತೊಂದರೆಯಿದೆ, ಹೇಳಿ."

"ತೊಂದರೆಯೇ? ಇಪ್ಪತ್ತು ವರ್ಷದಲ್ಲಿ ನನ್ನ ಮೇಲೆ ಒಂದು ದೂರಿಲ್ಲ!" ಎಂದು ಹಳೆಯದು ಬೀಗಿತು.

ಚೀಟಿಗೆ ತಡೆಯಲಾಗಲಿಲ್ಲ. "ನಿಮಗೆ ಹೇಳಿ ಪ್ರಯೋಜನವಿಲ್ಲವೆಂದು ನನ್ನ ಮೈಮೇಲೆ ಬರೆದುಕೊಂಡಿದ್ದಾರೆ, ಸ್ವಾಮಿ. ಕೇಳಿ: 'ಹೆರಿಗೆ ರಜೆಯವರನ್ನು ಮೊದಲು ನಿವೃತ್ತರೆಂದು ತೋರಿಸಿ, ಆಮೇಲೆ ತಿದ್ದಬೇಕು. ಮರೆತರೆ ಬಾಣಂತಿಗೆ ಸಂಬಳವಿಲ್ಲ.'"

ಹಳೆಯದರ ಫ್ಯಾನು ಜೋರಾಗಿ ಗುಂಯ್‌ಗುಟ್ಟಿತು. ಹೊಸದು ಚೀಟಿಯತ್ತ ತಿರುಗಿ, "ಇನ್ನೊಮ್ಮೆ ನಿಧಾನವಾಗಿ ಹೇಳಿ, ಅಮ್ಮಾ" ಎಂದಿತು.

ಮರುತಿಂಗಳು ಕಾತ್ಯಾಯಿನಮ್ಮ ಚೀಟಿಯನ್ನು ಕಿತ್ತು ಹೊಸ ಕಂಪ್ಯೂಟರಿಗೆ ಅಂಟಿಸಲು ಹೋದರು. ಪರದೆಯ ಮೇಲೆ 'ಹೆರಿಗೆ ರಜೆ' ಎಂಬ ಗುಂಡಿ ಮೊದಲೇ ಇತ್ತು. ಅವರು ಸುಮ್ಮನೆ ನಕ್ಕು, ಚಿಕ್ಕಂದಿನಲ್ಲಿ ಮಡಚುತ್ತಿದ್ದ ಹಾಗೆ ಚೀಟಿಯನ್ನು ಮಡಚತೊಡಗಿದರು.

ಮೂರನೆಯ ಮಡಿಕೆಗೆ ಚೀಟಿಗೆ ನೀರಿನ ಸದ್ದು ಕೇಳಿಸಿತು.