ಗೊರವಂಕ ಬರೆದ ಮಧ್ಯಂತರ

ಇದು ಗೀಜಗಗಳು ಗೂಡು ಕಟ್ಟುವ ಆಷಾಢದಲ್ಲಿ ನಡೆದದ್ದು. ಅಲ್ಲಿಯವರೆಗೆ ಕಿರುನಾಟಕಗಳನ್ನಷ್ಟೇ ಬರೆದಿದ್ದ ಗೊರವಂಕವೊಂದು ಹಕ್ಕಿಗಳ ಸಿನಿಮಾಕ್ಕೆ ಎರಡೂವರೆ ಗಂಟೆಯ ಚಿತ್ರಕಥೆ ಬರೆಯಲು ಒಪ್ಪಿಕೊಂಡಿತ್ತು. ಆದರೆ ಹೀರೋ ಬರುವ ಮೊದಲ ದೃಶ್ಯವನ್ನೇ ತಿದ್ದುತ್ತ ಕೂತಿತು. ನಿರ್ಮಾಪಕ ಕಾಗೆ, "ಹುಣ್ಣಿಮೆಯೊಳಗೆ ಮುಗಿಸದಿದ್ದರೆ ಕೋಗಿಲೆಯ ಕೈಲಿ ಬರೆಸುತ್ತೇನೆ" ಎಂದಿತು.

ಗೊರವಂಕ ಜಾಲಿಮರದಲ್ಲಿದ್ದ ಗೀಜಗದ ಬಳಿಗೆ ಹಾರಿತು.

"ಗೀಜಗಣ್ಣ, ಹೀರೋನನ್ನು ಬೆಳಿಗ್ಗೆ ಹಾರಿಸಿದೆ, ಸರಿಹೋಗಲಿಲ್ಲ. ಸಂಜೆ ಹಾರಿಸಿದೆ, ಅದೂ ಸರಿಹೋಗಲಿಲ್ಲ. ಈಗ ಅವನಿಗೆ ರೆಕ್ಕೆನೋವು."

"ಪಾಪ, ಅವನನ್ನು ಸ್ವಲ್ಪ ಕೂರಿಸು. ನಾನೇನು ಕಟ್ಟುತ್ತಿದ್ದೇನೆ, ಹೇಳು."

"ಬರೀ ಹುಲ್ಲಿನ ಬಳೆ. ಕೋಣೆಯಿಲ್ಲ, ಬಾಗಿಲಿಲ್ಲ. ಅತ್ತಿಗೆ ನೋಡಿದರೆ ನಗುತ್ತಾರೆ."

"ಇದು ಗೂಡಿನ ನಡು, ತಂಗಿ. ಇದರಲ್ಲಿ ನಿಂತು ಈ ಕಡೆ ಕೋಣೆ ಹೆಣೆಯುತ್ತೇನೆ, ಆ ಕಡೆ ಬಾಗಿಲು. ಬಾಗಿಲನ್ನೇ ಮೊದಲು ಹೆಣೆದರೆ ನಾನು ನಿಲ್ಲುವುದೆಲ್ಲಿ? ನಿನ್ನ ಸಿನಿಮಾದ ನಡು ಯಾವುದು?"

"ಮಧ್ಯಂತರ. ಎಲ್ಲರೂ ಕಡಲೆಕಾಯಿಗೆ ಎದ್ದು ಹೋಗುವ ಹೊತ್ತು."

"ಹೋದವರು ಕಡಲೆಕಾಯಿ ಬಿಟ್ಟು ಓಡಿ ಬರಬೇಕಾದರೆ ಅಲ್ಲಿ ಏನಾಗಬೇಕು?"

ಅದು ಗೊರವಂಕಕ್ಕೆ ಮೊದಲಿನಿಂದಲೂ ಗೊತ್ತಿತ್ತು. "ನಮ್ಮ ಹೀರೋ ಒಂದು ಕಾಗೆ. ಮುದ್ದಾಗಿ ಸಾಕಿದ ಅವನ ಮರಿ ಮೊದಲ ಸಲ ಬಾಯಿ ತೆರೆದು 'ಕುಹೂ' ಅನ್ನುತ್ತದೆ."

ಗೀಜಗ ನಕ್ಕ ರಭಸಕ್ಕೆ ಕೊಕ್ಕಿನ ಎಳೆ ಕೆಳಗೆ ಬಿತ್ತು. "ಹೋಗಿ ಅದನ್ನು ಮೊದಲು ಬರೆ."

ಹುಣ್ಣಿಮೆಗೆ ಮುಂಚೆಯೇ ಚಿತ್ರಕಥೆ ಓದಿ ಮುಗಿಸಿದ ಕಾಗೆ ಕಣ್ಣೊರೆಸಿಕೊಂಡಿತು. ಕೋಗಿಲೆಯ ಮಾತನ್ನು ಮತ್ತೆ ಎತ್ತಲಿಲ್ಲ. ದೃಶ್ಯಗಳು ಒಟ್ಟು ಎಪ್ಪತ್ತೆರಡು. ಗೊರವಂಕ ಮೊದಲು ಬರೆದದ್ದು ಮೂವತ್ತಾರನೆಯದು.